ಹೆರಿಗೆಯಾದರೂ ಮುಗಿಯದ ಸಕ್ಕರೆ ಲೆಕ್ಕ

ಗರ್ಭ ಬೆಳೆದಂತೆ ಮಾಸಿನಿಂದ ಹೊರಡುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಸರಿದೂಗಿಸಲು ನೋಡುತ್ತದೆ. ಅದೂ ಸಾಲದಾದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇದೇ ಗರ್ಭಾವಸ್ಥೆಯ ಮಧುಮೇಹ. ತಾಯಿಯ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಇನ್ಸುಲಿನ್ ಹೋಗುವುದಿಲ್ಲ. ಮಗು ತಾನೇ ಇನ್ಸುಲಿನ್ ಹೆಚ್ಚಿಸಿಕೊಂಡು ಮೈತುಂಬ ಕೊಬ್ಬು ಕಟ್ಟಿಕೊಳ್ಳುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಂತು, ಇನ್ಸುಲಿನ್ ಮಾತ್ರ ಉಳಿದು, ಕೂಸಿನ ಸಕ್ಕರೆ ಕುಸಿಯುವ ಅಪಾಯವಿದೆ. ಇಷ್ಟಾದರೂ ತಾಯಿಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣದು.

ಹಾಗಾಗಿ ಪರೀಕ್ಷೆಯೊಂದೇ ದಾರಿ. ಚೆನ್ನೈನ ಡಾ. ವಿ. ಶೇಷಯ್ಯ ತಂಡ 2005–07ರಲ್ಲಿ ತಮಿಳುನಾಡಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನಗರದ ಗರ್ಭಿಣಿಯರಲ್ಲಿ ಶೇ 17.8, ಹಳ್ಳಿಗಳಲ್ಲಿ ಶೇ 9.9ರಷ್ಟು ಮಂದಿಗೆ ಈ ತೊಂದರೆ ಇತ್ತು. ಅವರು ರೂಢಿಗೆ ತಂದ ವಿಧಾನ ಸರಳ: ಊಟ ಮಾಡಿದ್ದರೂ ಸರಿ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಯುವುದು, ಎರಡು ಗಂಟೆಯ ನಂತರ ರಕ್ತ ಕೊಡುವುದು. ಸಕ್ಕರೆ 140 ಮಿ.ಗ್ರಾಂ ಮುಟ್ಟಿದರೆ ರೋಗ ಇದೆ ಎಂದರ್ಥ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಮಾಡಬೇಕು. ಕೃಷ್ಣಗಿರಿ ಜಿಲ್ಲೆಯ ತಳಿ, ಅಂಚೆಟ್ಟಿ ಕಡೆಯ ಹಳ್ಳಿಯಿಂದ ಬಸ್ಸು ಹಿಡಿದು ಬರುವ ಬಸುರಿಗೆ ‘ನಾಳೆ ಖಾಲಿ ಹೊಟ್ಟೆಯಲ್ಲಿ ಬಾಮ್ಮ’ ಎಂದರೆ ಆಕೆ ಮತ್ತೆ ಬರುವುದು ಅನುಮಾನ. ಉಪವಾಸದ ಷರತ್ತು ಕೈಬಿಟ್ಟದ್ದೇ ಈ ವಿಧಾನದ ಜಾಣತನ.

ಬಹುಪಾಲು ಜನರಿಗೆ ಊಟದ ಕ್ರಮ ಮತ್ತು ನಡಿಗೆಯೇ ಸಾಕು. ಎರಡು ವಾರದಲ್ಲಿ ಹತೋಟಿಗೆ ಬಾರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್. ಹೊಸೂರು ಸೀಮೆಯಲ್ಲಿ ರಾಗಿಯ ಮೇಲೆ ಅತಿಯಾದ ಭರವಸೆಯಿದೆ. ರಾಗಿಯೂ ಪಿಷ್ಟವೇ. ದೊಡ್ಡ ಮುದ್ದೆಯನ್ನು ಎರಡು ಹೊತ್ತಿಗೆ ಹಂಚಿ, ಸೊಪ್ಪಿನ ಸಾರು, ಹುರುಳಿ ಅಥವಾ ಅವರೆಕಾಳಿನ ಜೊತೆ ಉಂಡರೆ ಸರಿ. ಕೃಷ್ಣಗಿರಿಯ ಮಾವಿನ ಸುಗ್ಗಿಯಲ್ಲಿ ಬಸುರಿಯ ಬಯಕೆಗೆ ಲಗಾಮು ಹಾಕುವುದು ಇದಕ್ಕಿಂತ ಕಷ್ಟ.

ನಿಜವಾದ ಲೋಪ ಹೆರಿಗೆಯ ನಂತರದ್ದು. ಮಾಸು ಹೊರಬಿದ್ದ ಮೇಲೆ ಸಕ್ಕರೆ ಇಳಿಯುತ್ತದೆ, ಮನೆಯವರು ಕಾಯಿಲೆ ಹೋಯಿತೆಂದು ನಿರಾಳರಾಗುತ್ತಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರನ್ನು ಐದು ವರ್ಷಗಳ ನಂತರ ಮತ್ತೆ ನೋಡಿದಾಗ, ಆಗ ಈ ತೊಂದರೆ ಇದ್ದವರಲ್ಲಿ ಶೇ 37 ಮಂದಿಗೆ ಮಧುಮೇಹ ಬಂದಿತ್ತು. ಇಲ್ಲದವರಲ್ಲಿ ಶೇ 2 ಮಾತ್ರ. ಆರು ವಾರಕ್ಕೆ ಮರುಪರೀಕ್ಷೆ ಆಗಬೇಕೆಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಇದಕ್ಕಾಗಿಯೇ. ತಮಿಳುನಾಡು–ಕರ್ನಾಟಕ ಗಡಿಯಲ್ಲಿ ಆ ಮರುಪರೀಕ್ಷೆ ತಪ್ಪಿಹೋಗುವುದು ಸುಲಭ: ತಪಾಸಣೆ ಹೊಸೂರಿನಲ್ಲಿ, ಹೆರಿಗೆ ಮತ್ತು ಬಾಣಂತನ ಆನೇಕಲ್ಲಿನ ತವರಲ್ಲಿ, ತಮಿಳಿನ ದಾಖಲೆ ಅಲ್ಲಿಯ ನರ್ಸಮ್ಮನಿಗೆ ಓದಲು ಬಾರದು.

ಮಧುಮೇಹಿಗಳ ಮನೆಬಾಗಿಲಿಗೆ ಔಷಧಿ ಮುಟ್ಟಿಸುವ ತಮಿಳುನಾಡಿನ ಯೋಜನೆ 2021ರ ಆಗಸ್ಟ್‌ನಲ್ಲಿ ಆರಂಭವಾದದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಆದರೆ ರೋಗ ಪತ್ತೆಯಾದವರಿಗಷ್ಟೇ ಆ ಔಷಧಿ. ಆರನೇ ವಾರಕ್ಕೆ ಕೂಸಿಗೆ ಚುಚ್ಚುಮದ್ದು ಹಾಕಿಸಲು ಬಾಣಂತಿ ಹೇಗೂ ಹೊರಗೆ ಬರುತ್ತಾಳೆ. ಬೆಳಗಿನ ತಿಂಡಿ ತಿನ್ನದೆ ಬರುವಂತೆ ಮೊದಲೇ ತಿಳಿಸಿದರೆ, ಅದೇ ದಿನ, ಅದೇ ಕೇಂದ್ರದಲ್ಲಿ, ಗಡಿಯ ಯಾವ ಬದಿಯಲ್ಲಾದರೂ ತಾಯಿಯ ರಕ್ತಪರೀಕ್ಷೆಯನ್ನೂ ಮುಗಿಸಬಹುದು.