ನೆಲ ಸಮವಾಗಲಿ, ನೆಲಸಮ ಬೇಡ

ಮುಂಬೈಯ ಗಿರಗಾಂವ್, ಕಾಲಬಾದೇವಿಯ ಹಳೆಯ ಕಟ್ಟಡಗಳಲ್ಲೂ ಪುಣೆಯ ವಾಡೆಗಳಲ್ಲೂ ಇನ್ನೂ ಅಲ್ಲಲ್ಲಿ ತೇಗದ ಹಲಗೆಯ ನೆಲ ಉಳಿದಿದೆ. ಇಂಥ ಮನೆ ಕೈಗೆ ಬಂದವರು ಪಾಲಿಶ್ ಮಿಸ್ತ್ರಿಗೆ ಮೊದಲು ಹೇಳುವ ಮಾತು: ‘ಎಲ್ಲ ಕಡೆ ಒಂದೇ ಸಮ ಕಾಣಬೇಕು.’ ಕೆಲಸ ಮುಗಿದ ಮೇಲೆ ಹೇಳುವುದು: ‘ಇವನ ಕೈ ಸರಿಯಿಲ್ಲ, ಎಲ್ಲ ಪಟ್ಟೆ ಪಟ್ಟೆ.’ ಈ ಎರಡು ಮಾತುಗಳ ನಡುವೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ಬೆರಳು ಬಹುಪಾಲು ಮನೆಯವರ ಕಡೆಗೇ ತಿರುಗುತ್ತದೆ.

ನೆಲ ಸಮವಾಗಿ ಕಾಣುವುದು ಡಬ್ಬಿಯೊಳಗಿನ ವಾರ್ನಿಶ್‌ನಿಂದಲ್ಲ, ಅದಕ್ಕೂ ಮುಂಚೆ ಉಜ್ಜುವ ಕೆಲಸದಿಂದ. ಮೊದಲು ಎದ್ದಿರುವ ಮೊಳೆಗಳ ತಲೆಯನ್ನು ಹಲಗೆಯೊಳಕ್ಕೆ ಇಳಿಸಬೇಕು. ಆಮೇಲೆ 40ನೇ ನಂಬರಿನ ಉಪ್ಪುಕಾಗದ, ನಂತರ 60, 80, 100. ಹಿಂದಿನ ಕಾಗದ ಬಿಟ್ಟ ಗೀರನ್ನು ಅಳಿಸುವುದೇ ಮುಂದಿನ ಕಾಗದದ ಕೆಲಸ. ನಡುವಿನ ನಂಬರು ಹಾರಿಸಿದರೆ ಒರಟು ಗೀರು ಉಳಿಯುತ್ತದೆ. ಬರಿ ಮರದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ; ಬಣ್ಣ ಹಚ್ಚಿದೊಡನೆ ಹೆಚ್ಚು ಬಣ್ಣ ಕುಡಿದು ಕಪ್ಪು ಗೆರೆಯಾಗಿ ಏಳುತ್ತದೆ. ದೊಡ್ಡ ಯಂತ್ರ ಗೋಡೆಯ ಬುಡ ಮುಟ್ಟುವುದಿಲ್ಲ. ಅಲ್ಲಿಗೆ ಚಿಕ್ಕ ಯಂತ್ರ, ಮೂಲೆಗೆ ಕೈ. ನಡುಭಾಗ 100ಕ್ಕೆ ಮುಗಿದು ಅಂಚು 60ಕ್ಕೇ ನಿಂತರೆ, ಕೋಣೆಯ ಸುತ್ತ ಫೋಟೊಗೆ ಕಟ್ಟು ಹಾಕಿದ ಹಾಗೆ ಕಪ್ಪು ಪಟ್ಟಿ ಬೀಳುತ್ತದೆ.

ಅನುಭವಸ್ಥ ಮಿಸ್ತ್ರಿಗೆ ಇದೆಲ್ಲ ಗೊತ್ತು. ಆದರೆ ಅವನಿಗೆ ದುಡ್ಡು ಸಿಗುವುದು ಚದರಡಿ ಲೆಕ್ಕದಲ್ಲಿ. ನಾಲ್ಕು ಸಲ ಉಜ್ಜಿದರೂ ಅಷ್ಟೇ, ಎರಡೇ ಸಲ ಉಜ್ಜಿದರೂ ಅಷ್ಟೇ. ಮೇಲಿಂದ ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿರುತ್ತದೆ. ಮೊದಲ ಕೋಟು ಒಣಗುವ ಮುನ್ನ ಎರಡನೆಯದು ಬೀಳಲೇಬೇಕು. ‘ಒಪ್ಪಿಕೊಂಡ ಮೇಲೆ ಅವನದೇ ಜವಾಬ್ದಾರಿ’ ಎನ್ನುವವರಿದ್ದಾರೆ. ಇನ್ನೊಬ್ಬ ಕಡಿಮೆಗೆ ಬರುತ್ತಾನೆಂದು ಚೌಕಾಸಿ ಮಾಡಿ, ಉಜ್ಜುವ ದಿನಗಳನ್ನೇ ಕಿತ್ತುಕೊಂಡವರು ಯಾರು?

‘ಸಮ’ ಎಂಬ ಮಾತಿನಲ್ಲೂ ಒಂದು ಗೊಂದಲವಿದೆ. ಉಜ್ಜಿದ್ದು ಸಮವಾಗಿರಬೇಕು ಎಂಬುದು ನ್ಯಾಯ. ಎಲ್ಲ ಹಲಗೆಗೂ ಒಂದೇ ಬಣ್ಣ ಬರಬೇಕು ಎಂಬುದು ಹಠ. ಹೊಸದಾಗಿ ಉಜ್ಜಿದ ತೇಗದಲ್ಲಿ ಬಣ್ಣದ ಏರುಪೇರು ಸಹಜ. ಬೆಳಕು ಬಿದ್ದು ವಾರಗಳು ಕಳೆದಂತೆ ಅದು ಬಹಳಷ್ಟು ತಗ್ಗಿ ಹೊನ್ನಿನ ಛಾಯೆಯ ಕಂದು ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಕಾಯದವರು ಗಾಢ ಬಣ್ಣ ಬಳಿಸಿ ಮರದ ಎಳೆಯನ್ನೇ ಮುಚ್ಚುತ್ತಾರೆ, ಇಲ್ಲವೆ ‘ಇನ್ನೊಮ್ಮೆ ಯಂತ್ರ ಓಡಿಸಿ’ ಎನ್ನುತ್ತಾರೆ.

ಯಂತ್ರ ಓಡಿದಷ್ಟೂ ಹಲಗೆ ತೆಳುವಾಗುತ್ತದೆ. ಹಾಗೆ ಸವೆದ ಬರ್ಮಾ ತೇಗಕ್ಕೆ ಬದಲಿ ಹುಡುಕುವುದು ಸುಲಭವಲ್ಲ: ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲಿ ಕಚ್ಚಾ ದಿಮ್ಮಿಗಳ ರಫ್ತು ನಿಲ್ಲಿಸಿತು. ನೆಲ ಸಮ ಮಾಡಲು ಹೊರಟು ನೆಲಸಮ ಮಾಡುವುದೆಂದರೆ ಇದೇ. ಧೂಳು ಹೋಗುವುದು ಉಜ್ಜುವವನ ಮೂಗಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ ದಶಕಗಳಾದವು. ಮಿಸ್ತ್ರಿಯ ಮುಖಕ್ಕೆ ಇವತ್ತಿಗೂ ಒಂದು ಕರ್ಚೀಫು.

ಹಾಗಾಗಿ ಕರಾರು ಬದಲಾಗಬೇಕು. ಉಜ್ಜುವ ಕೆಲಸಕ್ಕೆ ದಿನಗೂಲಿ ಇರಲಿ. ಯಾವ ಯಾವ ನಂಬರಿನ ಕಾಗದ, ಅಂಚಿಗೂ ಅದೇ ನಂಬರು ಎಂದು ಮೊದಲೇ ಬರೆದುಕೊಳ್ಳಲಿ. ಧೂಳು ಹೀರುವ ಯಂತ್ರ, ಒಳ್ಳೆಯ ಮಾಸ್ಕು ಇವುಗಳ ಖರ್ಚು ಮನೆಯವರದು. ಕೋಟುಗಳ ನಡುವೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಲಿ. ಬಣ್ಣ ಹಚ್ಚುವ ಮುನ್ನ ಕತ್ತಲಲ್ಲಿ ಟಾರ್ಚನ್ನು ನೆಲದ ಮೇಲೆ ಮಲಗಿಸಿ ಮನೆಯವರೂ ಮಿಸ್ತ್ರಿಯೂ ಒಟ್ಟಿಗೆ ನೋಡಲಿ; ಗೀರು ಕಂಡರೆ ಇನ್ನೊಂದು ದಿನದ ಕೂಲಿ ಕೊಟ್ಟು ಉಜ್ಜಿಸಲಿ. ಅಷ್ಟಕ್ಕೆ ಕೈ ಬಾರದವರು ಹಳೆಯ ನೆಲವನ್ನು ಒರೆಸಿ, ಇದ್ದ ಹಾಗೆ ಬಿಡಲಿ.