ಹದಿನಾಲ್ಕು ಸೆಕೆಂಡಿನ ದೊಡ್ಡವ್ವ

ಹೆಲಿಕಾಪ್ಟರ್ ಹತ್ತಿದ ಕೂಡಲೇ ನಾವೆಲ್ಲ ಮಾಡೋ ಮೊದಲ ಕೆಲಸ ಯಾವುದು? ಬೆಲ್ಟ್ ಹಾಕಿಕೊಳ್ಳೋದಂತೂ ಅಲ್ಲ, ಫೋನ್ ತೆಗೆಯೋದು. ನಾವೂ ಅದನ್ನೇ ಮಾಡಿದ್ವಿ. ಮನೆಯವರ ಜೊತೆ ಹಾರಿದಾಗ ತೆಗೆದ ವಿಡಿಯೋವನ್ನು ಹೇಗೆ ಕತ್ತರಿಸಬೇಕು, ಕತ್ತರಿಸೋ ಮುಂಚೆ ಯಾರನ್ನ ಕೇಳಬೇಕು ಅನ್ನೋದು ಈ ಲೇಖನದ ವಿಷಯ. ಇದನ್ನ ನಾವು ತಪ್ಪು ಮಾಡಿ ಕಲಿತಿದ್ದು, ಅದಕ್ಕೇ ಬರೀತಿದ್ದೀವಿ.

ನಾವು ಅಂದ್ರೆ ಆಲಮೇಲದ ಕಡೆಯ ಅಣ್ಣತಮ್ಮಂದಿರು ಮೂವರು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ಆಡೋದು ನಮ್ಮ ವಿಜಯಪುರ ಜಿಲ್ಲೆಯ ಕನ್ನಡ. ನಮ್ಮೂರಿನವರಿಗೆ ವಿಮಾನ ಅಂದ್ರೆ ಹೊಲದಾಗ ನಿಂತು ತಲೆ ಎತ್ತಿ ನೋಡೋ ವಸ್ತು. ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿದ್ದೇ 2019ರ ನವೆಂಬರ್‌ನಲ್ಲಿ. ಹೀಗಾಗಿ ನಮ್ಮ ಕಡೆಯ ಎಷ್ಟೋ ಮಂದಿಗೆ ಮೊದಲ ಹಾರಾಟ ಅಂದ್ರೆ ಊರಿಂದ ಊರಿಗೆ ಹೋಗೋದಲ್ಲ, ಉತ್ಸವದಾಗ ಹೆಲಿಕಾಪ್ಟರ್ ಹತ್ತಿ ಒಂದು ಸುತ್ತು ಹಾಕೋದು. ಹಂಪಿ ಉತ್ಸವದ ಸಮಯದಲ್ಲಿ ನಡೆಯೋ ‘ಹಂಪಿ ಬೈ ಸ್ಕೈ’ ಅಂಥದ್ದು. ಏಳೆಂಟು ನಿಮಿಷ ಮೇಲಿಂದ ಹಂಪಿ ತೋರಿಸಿ ಕೆಳಗೆ ಇಳಿಸ್ತಾರೆ.

ಒಂದು ಸಲ ನಮ್ಮ ಮನೆಯವರೆಲ್ಲ ಒಂದು ಕ್ರೂಸರ್ ಮಾಡಿಕೊಂಡು ಹೋದ್ವಿ. ದೊಡ್ಡವ್ವನಿಗೆ ಅರವತ್ತು ದಾಟಿದೆ. ಮೊದಲು “ನನಗ್ಯಾಕ ಬೇಕ್ರಿಪಾ ಅದು, ನೀವು ಹೋಗಿ ಬರ್ರಿ” ಅಂದ್ಲು. ನಾವೇ ಒತ್ತಾಯ ಮಾಡಿ ಟಿಕೆಟ್ ತೆಗೆಸಿದ್ವಿ. ತೂಕ ನೋಡಿ ಸೀಟು ಕೊಟ್ಟರು, ದೊಡ್ಡವ್ವನಿಗೆ ಕಿಟಕಿ ಸಿಕ್ತು. ನಮ್ಮಲ್ಲಿ ಒಬ್ಬರು ಪಕ್ಕದಲ್ಲಿ ಕೂತು ಶುರುವಿನಿಂದ ಕೊನೆವರೆಗೂ ಫೋನ್ ಆನ್ ಇಟ್ಟರು.

ಹೆಲಿಕಾಪ್ಟರ್ ನೆಲ ಬಿಟ್ಟಾಗ ದೊಡ್ಡವ್ವ ಕಣ್ಣು ಮುಚ್ಚಿ, ಸೆರಗು ಬಾಯಿಗೆ ಒತ್ತಿಕೊಂಡು, “ಬಸವಣ್ಣಾ ಕಾಪಾಡಪಾ... ಇಳಸ್ರೀ, ಇಳಸ್ರೀ” ಅಂತ ಕೂಗಿದ್ಲು. ಆ ರಾತ್ರಿ ವಾಪಸ್ ಬರೋವಾಗ ಕ್ರೂಸರ್‌ನಲ್ಲೇ ಕೂತು ನಾವು ರೀಲ್ ಮಾಡಿದ್ವಿ. ಏಳು ನಿಮಿಷ ಚಿಲ್ಲರೆ ವಿಡಿಯೋದಲ್ಲಿ ಹದಿನಾಲ್ಕು ಸೆಕೆಂಡ್ ಇಟ್ಕೊಂಡ್ವಿ. “ಇಳಸ್ರೀ” ಅನ್ನೋದನ್ನ ಮೂರು ಸಲ ರಿಪೀಟ್ ಮಾಡಿ, ಮುಖ ಝೂಮ್ ಮಾಡಿ, ಕೆಳಗೆ ಕಾಮಿಡಿ ಮ್ಯೂಸಿಕ್ ಹಾಕಿದ್ವಿ. ಮೇಲೆ ಇಂಗ್ಲಿಷಿನಲ್ಲಿ ಒಂದು ಕ್ಯಾಪ್ಷನ್. ದೊಡ್ಡವ್ವನಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಅವಳ ಬಗ್ಗೆ ಅವಳಿಗೆ ಗೊತ್ತಾಗದ ಭಾಷೆಯಲ್ಲಿ ಬರೆದಿದ್ವಿ ಅನ್ನೋದು ಆಗ ನಮ್ಮ ತಲೆಗೆ ಹೋಗಲೇ ಇಲ್ಲ.

ರೀಲ್ ಓಡ್ತು. ಊರಿನ ವಾಟ್ಸಾಪ್ ಗ್ರೂಪುಗಳಿಗೆ ಬಂತು. ಹಿಟ್ಟಿನ ಗಿರಣಿಯಲ್ಲಿ ಯಾರೋ ಹುಡುಗರು ದೊಡ್ಡವ್ವನ್ನ ನೋಡಿ “ಇಳಸ್ರೀ” ಅಂದ್ರಂತೆ. ಅವಳು ನಮ್ಮನ್ನ ಬೈಲಿಲ್ಲ. ಗಿರಣಿಗೆ ಹೋಗೋದು ಬಿಟ್ಟಳು, ಜೋಳದ ಬುಟ್ಟಿ ಮೊಮ್ಮಗನ ಕೈಯಲ್ಲಿ ಕಳಿಸೋಕೆ ಶುರು ಮಾಡಿದ್ಲು. ಪಂಚಮಿಗೆ ಊರಿಗೆ ಹೋದಾಗ ನಾವು ಸುಮ್ನೆ ಫೋನ್ ಎತ್ತಿದ್ದಕ್ಕೆ ಮುಖ ತಿರುಗಿಸಿ, “ನನ್ನ ಫೋಟೋ ತಗೀಬ್ಯಾಡ್ರಿಪಾ” ಅಂದ್ಲು. ಆವತ್ತೇ ರೀಲ್ ಡಿಲೀಟ್ ಮಾಡಿದ್ವಿ. ಆದ್ರೆ ಫಾರ್ವರ್ಡ್ ಆಗಿದ್ದನ್ನ ವಾಪಸ್ ತರೋ ಬಟನ್ ಯಾವ ಆ್ಯಪ್‌ನಲ್ಲೂ ಇಲ್ಲ.

ಹಾಸ್ಟೆಲಿಗೆ ಬಂದ ಮೇಲೆ ಹಾರ್ಡ್ ಡಿಸ್ಕಿನಲ್ಲಿದ್ದ ಒರಿಜಿನಲ್ ಫೈಲ್ ತೆಗೆದ್ವಿ. ಆ ತನಕ ಅದನ್ನ ಪೂರ್ತಿ ನೋಡೇ ಇರಲಿಲ್ಲ. ಬರೀ ಗರಗರ ಸದ್ದು ಅಂತ ಆಡಿಯೋ ಮ್ಯೂಟ್ ಮಾಡಿಬಿಟ್ಟಿದ್ವಿ. ಈ ಸಲ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹೈ-ಪಾಸ್ ಫಿಲ್ಟರ್ ಹಾಕಿ ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಇಳಿಸಿದ್ವಿ. ಎಂಜಿನ್ನಿನ ಕೀರಲು ಸದ್ದು ಉಳಿದೇ ಉಳೀತು, ಆದ್ರೆ ಇಯರ್‌ಫೋನ್ ಹಾಕಿಕೊಂಡ್ರೆ ಮಾತು ಕೇಳಿಸ್ತು.

ಒಂದು ನಿಮಿಷ ಆದ ಮೇಲೆ ದೊಡ್ಡವ್ವ ಕಣ್ಣು ತೆರೆದಿದ್ದಾಳೆ. ಎರಡನೇ ನಿಮಿಷದಲ್ಲಿ ಸೆರಗು ಬಿಟ್ಟು ಕಿಟಕಿಗೆ ಕೈ ಇಟ್ಟಿದ್ದಾಳೆ. ವಿರೂಪಾಕ್ಷ ಗುಡಿಯ ಗೋಪುರಕ್ಕೆ ಕೈ ಮುಗಿದಿದ್ದಾಳೆ. ಆಮೇಲೆ ಬಂಡೆಗಳ ಮಧ್ಯ ಹಸಿರು ಬಾಳೆ ತೋಟ ಬಂದಾಗ ಬೆರಳು ತೋರಿಸಿ, “ಅಲ್ಲಿ ನೋಡ, ಕಾಲುವಿ. ಬಂಡಿ ಸುತ್ತ ಹಾಕಿ ತಂದಾರ. ನೀರು ಎಲ್ಲಿಂದ ತಿರುವ್ಯಾರ?” ಅಂತ ಕೇಳಿದ್ದಾಳೆ. ವಿಡಿಯೋ ತೆಗೀತಿದ್ದ ನಾವು “ಹ್ಞೂಂ” ಅಂದು ಫೋನ್ ನಮ್ಮ ಮುಖಕ್ಕೆ ತಿರುಗಿಸಿ ಸೆಲ್ಫಿ ತಗೊಂಡಿದ್ದೀವಿ. ಅದೂ ರೆಕಾರ್ಡ್ ಆಗಿದೆ.

ಅವಳು ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಣೆಕಟ್ಟು ಹಾಕಿ ತಿರುಗಿಸಿದ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಹೊಲಕ್ಕೆ ನೀರು ಕೊಡ್ತಿವೆ. ಹಂಪಿಯ ಮಧ್ಯ ಹಾದು ಹೋಗೋ ತುರ್ತು ಕಾಲುವೆ ಅದರಲ್ಲೊಂದು. ಎಂಜಿನಿಯರಿಂಗ್ ಓದೋ ನಾವು ಮೂವರು ಅಲ್ಲಿ ಕಂಡಿದ್ದು ಬರೀ ‘ವ್ಯೂ’. ಜೀವನವಿಡೀ ಹೊಲಕ್ಕೆ ನೀರು ಕಟ್ಟಿದ ಹೆಂಗಸು ನೀರಿನ ದಾರಿ ಕಂಡಳು. ಹೆಲಿಕಾಪ್ಟರಿನಲ್ಲಿದ್ದವರ ಪೈಕಿ ಎಂಜಿನಿಯರ್ ಹಾಗೆ ಯೋಚನೆ ಮಾಡಿದ್ದು ಅವಳೊಬ್ಬಳೇ. ಅವಳನ್ನೇ ನಾವು ಹೆದರುಪುಕ್ಕಿ ಮಾಡಿ ಊರಿಗೆಲ್ಲ ಹಂಚಿದ್ವಿ.

ನೆಲದ ಮೇಲಿಂದ ತೆಗೆದ ಇನ್ನೊಂದು ಕ್ಲಿಪ್‌ನಲ್ಲಿ ಹೆಲಿಕಾಪ್ಟರಿನ ರೆಕ್ಕೆ ಬಾಳೆಕಾಯಿ ಥರ ಬಾಗಿದ ಹಾಗೆ ಕಾಣುತ್ತೆ. ಇದು ರೋಲಿಂಗ್ ಶಟರ್ ಅಂತ ನಿಮಗೆ ಗೊತ್ತಿರಬಹುದು. ಫೋನಿನ ಸೆನ್ಸರ್ ಇಡೀ ಚಿತ್ರವನ್ನ ಒಂದೇ ಸಲ ಓದಲ್ಲ, ಸಾಲು ಸಾಲಾಗಿ ಓದುತ್ತೆ. ಅಷ್ಟರಲ್ಲಿ ರೆಕ್ಕೆ ಮುಂದೆ ಹೋಗಿರುತ್ತೆ. ರೆಕ್ಕೆ ಬಾಗಿರಲ್ಲ, ಓದಿದ ರೀತಿ ಹಾಗಿರುತ್ತೆ. ಅದು ಫೋನಿನ ಮಿತಿ, ಬಿಟ್ಟುಬಿಡೋಣ. ಆದ್ರೆ ದೊಡ್ಡವ್ವನ್ನ ಬಾಗಿಸಿದ್ದು ಸೆನ್ಸರ್ ಅಲ್ಲ, ನಮ್ಮ ಕೈ.

ಗೆಳೆಯರಿಗೆ ಇದನ್ನೆಲ್ಲ ಹೇಳಿದಾಗ ಬಂದ ಉತ್ತರಗಳೂ ಸುಳ್ಳಲ್ಲ. “ಮನೆಯಲ್ಲಿ ಎಲ್ರೂ ನಗ್ತಾರಪ್ಪ, ಅದರಾಗೇನು?” ಅಂದ್ರು ಒಬ್ಬರು. “ಏಳು ನಿಮಿಷದ ವಿಡಿಯೋ ಯಾರು ನೋಡ್ತಾರೆ?” ಅಂದ್ರು ಇನ್ನೊಬ್ಬರು. ಹೌದು, ಮನೆಯವರು ನಗ್ತಾರೆ. ಆದ್ರೆ ಅವರಿಗೆ ಆ ಮನುಷ್ಯರ ಉಳಿದ ಅರವತ್ತು ವರ್ಷ ಗೊತ್ತು. ಗಿರಣಿಯ ಹುಡುಗರಿಗೆ ಗೊತ್ತಿರೋದು ನಾವು ಕೊಟ್ಟ ಹದಿನಾಲ್ಕು ಸೆಕೆಂಡ್ ಮಾತ್ರ. ಇನ್ನು ಯಾರು ನೋಡ್ತಾರೆ ಅನ್ನೋ ಪ್ರಶ್ನೆ. ಮನೆ ವಿಡಿಯೋ ಎಲ್ಲರೂ ನೋಡಲಿ ಅಂತ ಮಾಡೋದಲ್ಲ. ಹಾರಿದವರು ನೋಡಿದ್ರೆ ಸಾಕು.

ವ್ಯೂಸ್ ಆಸೆ ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ ಅಮೆರಿಕದ ಒಂದು ಪ್ರಕರಣ ಇದೆ. 2021ರ ನವೆಂಬರ್‌ನಲ್ಲಿ ಟ್ರೆವರ್ ಜೇಕಬ್ ಅನ್ನೋ ಯೂಟ್ಯೂಬರ್ ಕ್ಯಾಲಿಫೋರ್ನಿಯಾದಲ್ಲಿ ತನ್ನದೇ ಸಣ್ಣ ವಿಮಾನ ಹಾರಿಸ್ತಾ, ಎಂಜಿನ್ ಕೆಟ್ಟಿತು ಅಂತ ನಾಟಕ ಮಾಡಿ, ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ. ವಿಮಾನಕ್ಕೆ ಮೊದಲೇ ಕ್ಯಾಮೆರಾ ಕಟ್ಟಿದ್ದ. ವಿಮಾನ ಕಾಡಿನಲ್ಲಿ ಬಿತ್ತು, ವಿಡಿಯೋ ಯೂಟ್ಯೂಬಿಗೆ ಬಂತು. 2022ರಲ್ಲಿ ಪೈಲಟ್ ಲೈಸೆನ್ಸ್ ಹೋಯ್ತು. ಅವಶೇಷ ನಾಶ ಮಾಡಿ ತನಿಖೆಗೆ ಅಡ್ಡಿ ಮಾಡಿದ್ದಕ್ಕೆ 2023ರಲ್ಲಿ ಆರು ತಿಂಗಳ ಜೈಲು ಶಿಕ್ಷೆ ಆಯ್ತು. ನಾವು ಅಷ್ಟು ದೂರ ಹೋಗಲ್ಲ, ನಿಜ. ಆದ್ರೆ ನಡೆದದ್ದನ್ನ ಬಿಟ್ಟು ಓಡೋದನ್ನ ಹುಡುಕೋ ಚಟ ಒಂದೇ ಜಾತಿಯದು.

ಇದು ನಮ್ಮ ಓದುಗರಿಗೆ ದೂರದ ಮಾತಲ್ಲ. ನಮ್ಮಲ್ಲಿ ಕೆಲವರಿಗೆ ಬೆಂಗಳೂರಿನ ಜಕ್ಕೂರಿಗೆ ಹೋಗಿ ವಿಮಾನ ಹಾರಿಸೋದು ಕಲಿಯೋ ಆಸೆ ಇದೆ. ನಮ್ಮ ದೇಶದಲ್ಲಿ 17 ವರ್ಷ ತುಂಬಿದವರು, 40 ಗಂಟೆ ಹಾರಾಟ ಮುಗಿಸಿ, ಪರೀಕ್ಷೆ ಪಾಸಾದ್ರೆ ಖಾಸಗಿ ಪೈಲಟ್ ಲೈಸೆನ್ಸ್ ಸಿಗುತ್ತೆ. ನಾಳೆ ಅವರೇ ಅಪ್ಪ ಅವ್ವನ್ನ ಪಕ್ಕದಲ್ಲಿ ಕೂರಿಸಿಕೊಂಡು ಹಾರಬಹುದು. ಆಗಲೂ ಕ್ಯಾಮೆರಾ ಇರುತ್ತೆ, ಆಗಲೂ ಇದೇ ಪ್ರಶ್ನೆ.

ನಾವು ಕಲಿತ ನಾಲ್ಕು ವಿಷಯ ಇಲ್ಲಿ ಹೇಳ್ತೀವಿ. ಲೆನ್ಸನ್ನ ಕಿಟಕಿಗೆ ಹತ್ತಿರ ಹಿಡೀರಿ, ಆದ್ರೆ ಒತ್ತಬೇಡಿ, ಕಿಟಕಿಯ ನಡುಕ ಫೋನಿಗೂ ಬರುತ್ತೆ. ಕಡು ಬಣ್ಣದ ಅಂಗಿ ಹಾಕಿದ್ರೆ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಕಡಿಮೆ. ಫೋಕಸ್ ದೂರಕ್ಕೆ ಲಾಕ್ ಮಾಡಿ, ಇಲ್ಲಾಂದ್ರೆ ಅದು ಗಾಜಿನ ಗೀರು ಹುಡುಕ್ತಾ ಕೂರುತ್ತೆ. ಸದ್ದು ಎಷ್ಟೇ ಕೆಟ್ಟದಿದ್ರೂ ಒರಿಜಿನಲ್ ಆಡಿಯೋ ಅಳಿಸಬೇಡಿ, ಹಾಡು ಎಲ್ಲಿ ಬೇಕಾದ್ರೂ ಸಿಗುತ್ತೆ, ಆ ಮಾತು ಮತ್ತೆ ಸಿಗಲ್ಲ.

ಕಾನೂನಿನ ಮಾತು. ಪ್ರಯಾಣಿಕರ ವಿಮಾನದೊಳಗೆ ಪ್ರಯಾಣಿಕರು ಫೋಟೋ, ವಿಡಿಯೋ ತೆಗೆಯಬಹುದು ಅಂತ ಡಿಜಿಸಿಎ 2020ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟ ಮಾಡಿದೆ. ಆದ್ರೆ ಗಲಾಟೆ ಆಗೋ ಹಾಗೆ, ಸುರಕ್ಷತೆಗೆ ತೊಂದರೆ ಆಗೋ ಹಾಗೆ ತೆಗೆಯೋ ಹಾಗಿಲ್ಲ, ಸಿಬ್ಬಂದಿ ಬೇಡ ಅಂದ್ರೆ ನಿಲ್ಲಿಸಬೇಕು. ಬೀದರ್‌ನಂಥ ವಾಯುಪಡೆಯ ನೆಲೆಯಲ್ಲಿ ಇಳಿಯೋವಾಗ, ಏರೋವಾಗ ಕ್ಯಾಮೆರಾ ಜೇಬಿನಲ್ಲೇ ಇರಲಿ. ಒಳಗಿದ್ದವರ ಮುಖ ಹಂಚೋದಕ್ಕೆ ಮಾತ್ರ ನಮ್ಮನ್ನ ತಡೆಯೋಕೆ ಯಾವ ಸಿಬ್ಬಂದಿಯೂ ಬರಲ್ಲ. ಅದನ್ನ ನಾವೇ ಕೇಳಬೇಕು.

ದೀಪಾವಳಿಗೆ ಆರು ನಿಮಿಷದ ಹೊಸ ಎಡಿಟ್ ಮಾಡಿ ಪೆನ್‌ಡ್ರೈವ್‌ನಲ್ಲಿ ಊರಿಗೆ ಒಯ್ದು ಟಿವಿಗೆ ಹಾಕಿದ್ವಿ. ಮೊದಲ ನಿಮಿಷದ “ಇಳಸ್ರೀ” ತೆಗೆದುಬಿಟ್ಟಿದ್ವಿ, ಅವಳಿಗೆ ಬೇಜಾರಾಗಬಾರದು ಅಂತ. ದೊಡ್ಡವ್ವ ಪೂರ್ತಿ ನೋಡಿದ್ಲು. ಕಾಲುವೆ ಬಂದಾಗ “ನಿಲ್ಲಸು, ನಿಲ್ಲಸು” ಅಂತ ಎದ್ದು ಟಿವಿ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದ್ಲು. ಮುಗಿದ ಮೇಲೆ ಕೇಳಿದ್ಲು, “ಮದಲ ನಾ ಒದರಿದ್ದೆಲ್ಲಿ ಹೋತು?”

ತೆಗೆದೀವಿ ಅಂದ್ವಿ.

“ಯಾಕ ತಗದ್ರಿ? ಹೆದರಿದ್ದು ಖರೇನ ಅದ. ಅದೂ ಇರಲಿ, ಆಮ್ಯಾಲಿಂದೂ ಇರಲಿ” ಅಂದ್ಲು. ಆಮೇಲೆ, “ಇದನ್ನ ಪುಣೆದಾಗ ಮಗಳಿಗಿ ಕಳಸ್ರಿ. ಮತ್ತ ಯಾರಿಗೂ ಬ್ಯಾಡ.”

ಎಡಿಟಿಂಗ್ ಬಗ್ಗೆ ನಮಗೆ ಸಿಕ್ಕ ಅತ್ಯಂತ ಸರಿಯಾದ ಪಾಠ ಇದು. ನಗು ಬರೋ ಭಾಗ ತೆಗೀಬೇಕಾಗಿಲ್ಲ. ಅದರ ಮುಂದಿನದನ್ನ ತೆಗೀಬಾರದು. ಯಾರಿಗೆ ಕಳಿಸಬೇಕು ಅನ್ನೋದನ್ನ ವಿಡಿಯೋದಲ್ಲಿ ಇರೋರು ಹೇಳಬೇಕು, ಫೋನ್ ಹಿಡಿದೋರಲ್ಲ.

ವಿಜಯಪುರದ ಹತ್ತಿರ ಬುರಣಾಪುರದಿಂದ ವಿಮಾನ ಹಾರೋಕೆ ಶುರುವಾದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಆಲಮೇಲದ ಎಷ್ಟೋ ದೊಡ್ಡವ್ವಂದಿರು, ಕಾಕಾಗಳು ಮೊದಲ ಸಲ ಕಿಟಕಿ ಪಕ್ಕ ಕೂರ್ತಾರೆ. ಅವರ ಪಕ್ಕದಲ್ಲಿ ಫೋನ್ ಹಿಡಿದು ಕೂರೋರು ನಾವೇ, ಅಂದ್ರೆ ಈ ಪತ್ರಿಕೆ ಓದೋ ನೀವು ಮತ್ತು ನಾವು. ಅವರು ಹೆದರ್ತಾರೆ, ತೆಗೀರಿ. ಆದ್ರೆ ಅಲ್ಲೇ ಸ್ಟಾಪ್ ಒತ್ತಬೇಡಿ. ಒಂದು ನಿಮಿಷ ಕಾಯಿರಿ. ಅವರು ಏನೋ ಕೇಳ್ತಾರೆ.

ದೊಡ್ಡವ್ವ ಇನ್ನೂ ಗಿರಣಿಗೆ ಹೋಗ್ತಿಲ್ಲ.