ನಂದನಾ ರೆಡ್ಡಿ ಬಾಲಕಾರ್ಮಿಕ ಪದ್ಧತಿಯ ಪರವೇ?

ದುಡಿಯುವ ಮಕ್ಕಳಿಗೆ ಸಂಘ ಕಟ್ಟಿಕೊಟ್ಟ ನಂದನಾ ರೆಡ್ಡಿಯವರ ಮೇಲೆ ಹಳೆಯ ಆಪಾದನೆಯೊಂದಿದೆ: ಸಂಘ ಕಟ್ಟಿದರೆ ಮಕ್ಕಳ ದುಡಿಮೆಯನ್ನು ಒಪ್ಪಿದಂತೆಯೇ ಅಲ್ಲವೇ? ಮುಂಡರಗಿ, ಶಿರಹಟ್ಟಿ ಕಡೆಯಿಂದ ಗೋವೆಗೆ ಗುಳೆ ಹೊರಡುವವರನ್ನು ನೋಡುತ್ತ ಬಂದ ನನಗೆ ಈ ಮಾತು ಬಲು ಅಗ್ಗವೆನಿಸುತ್ತದೆ.

ಎಪ್ಪತ್ತರ ದಶಕದ ಕೊನೆಗೆ ಅವರು ಬೆಂಗಳೂರಿನಲ್ಲಿ ಕಾರ್ಮಿಕರನ್ನು ಸಂಘಟಿಸುತ್ತಿದ್ದಾಗ ದೊಡ್ಡವರ ಜತೆ ಮಕ್ಕಳೂ ಬಂದು ಕೂತರು. ಆಗ ಜಾರಿಯಲ್ಲಿದ್ದ 1926ರ ಕಾರ್ಮಿಕ ಸಂಘಗಳ ಕಾಯ್ದೆಯಂತೆ 15 ತುಂಬದವರು ಸದಸ್ಯರಾಗುವಂತಿರಲಿಲ್ಲ. 12ರ ಹುಡುಗ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ. ಪಗಾರ ಕೇಳಲು ಮಾತ್ರ ಅವನಿಗೆ ಸಂಘವಿರಲಿಲ್ಲ! ನಂದನಾ ಅವರ 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಆಸರೆಯಲ್ಲಿ 1990ರಲ್ಲಿ ದುಡಿಯುವ ಮಕ್ಕಳದೇ ಆದ ಭೀಮ ಸಂಘ ಹುಟ್ಟಿದ್ದು ಅದಕ್ಕೇ.

'ಮಕ್ಕಳಿಗೇನು ತಿಳಿದೀತು?' ಇದು ಇನ್ನೊಂದು ಕೊಂಕು. 1996ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳು ಕುಂದಾಪುರದಲ್ಲಿ ಸೇರಿ 10 ಬೇಡಿಕೆ ಮುಂದಿಟ್ಟರು. ಓದಲು, ಆಡಲು ಬಿಡುವು ಕೇಳಿದರು. ಮಕ್ಕಳು ಊರು ಬಿಡದಂತೆ ಹಳ್ಳಿಗಳಲ್ಲೇ ಹೆಚ್ಚು ಕೆಲಸವಾಗಲಿ ಎಂದರು. ಗುಳೆಯ ಬಗ್ಗೆ ಇಷ್ಟು ನೆಟ್ಟಗೆ ಮಾತಾಡಿದ ದೊಡ್ಡವರನ್ನು ನಾನಂತೂ ಕಂಡಿಲ್ಲ.

'ನಿಷೇಧವಿದೆಯಲ್ಲ, ಸಾಕು' ಎನ್ನುವವರು ನಮ್ಮ ಕಡೆಯ ಹೈಬ್ರಿಡ್ ಹತ್ತಿಬೀಜದ ಹೊಲಕ್ಕೆ ಬರಬೇಕು. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗ ತಾಗಿಸಬೇಕು. ಹೂವು ಹೂವಿಗೂ ಕೈ ಬೇಕು, ಅದಕ್ಕೇ ಮಕ್ಕಳನ್ನು ಹಚ್ಚುತ್ತಾರೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14ರೊಳಗಿನವರ ದುಡಿಮೆಯನ್ನು ಎಲ್ಲ ಕಸುಬಿನಲ್ಲೂ ನಿಷೇಧಿಸಿತು, ಖರೆ. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕುಟುಂಬದ ಕೆಲಸಕ್ಕೆ ನೆರವಾಗಬಹುದೆಂಬ ಕಿಂಡಿಯನ್ನೂ ಬಿಟ್ಟಿತು. ಆ ಕಾಯ್ದೆಯ ಕುಟುಂಬದಲ್ಲಿ ಕಾಕಾ, ಮಾಮಾ, ಅತ್ತಿ ಎಲ್ಲರೂ ಇದ್ದಾರೆ. ಇನ್‌ಸ್ಪೆಕ್ಟರ್ ಜೀಪು ಕಂಡೊಡನೆ ಹೊಲದ ಧಣಿ ಕಾಕಾ ಆಗಲು ಎಷ್ಟು ಹೊತ್ತು?

ಒಂದು ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ. ಮಕ್ಕಳ ದುಡಿಮೆಗೂ ಮರ್ಯಾದೆ ಬೇಕೆಂಬ ಕುಂದಾಪುರ ಪಟ್ಟಿಯ ಮಾತನ್ನು ಧಣಿಗಳು ಗುರಾಣಿ ಮಾಡಿಕೊಂಡಾರು. ಆದರೆ ಶೋಷಣೆ ಬೇಡವೆಂದು ಕುಂದಾಪುರದ ಮಕ್ಕಳು ಅದೇ ಪಟ್ಟಿಯಲ್ಲಿ ಬರೆದಿದ್ದಾರೆ. ಓದದೆ ಬಿಡುವವರಿಗೆ ಏನು ಹೇಳೋಣ?

ನಂದನಾ ಅವರ ಸಂಸ್ಥೆ ಕುಂದಾಪುರ ಸೀಮೆಯಲ್ಲಿ ನಡೆಸಿದ ಮಕ್ಕಳ ಪಂಚಾಯಿತಿ ಪ್ರಯೋಗದ ಬಳಿಕ ಸರ್ಕಾರವೇ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಹೇಳಿದೆ. ಟೀಕಾಕಾರರಲ್ಲಿ ವಿನಂತಿ: ಲಕ್ಷ್ಮೇಶ್ವರದ ಸುತ್ತಲ ಯಾವುದಾದರೂ ಹಳ್ಳಿಯಲ್ಲಿ ಅದು ನಡೆಯುವ ದಿನ ಹೋಗಿ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಕೇಳಿ ಬನ್ನಿ.